ಹೊತ್ತು ಮುಳುಗಿದ ಮೇಲೆ ಹೊತ್ತಿದ ಒಲೆ

ಕಳೆದ ವಾರ ಮೂಡುಬಿದಿರೆಯ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಜೀನಸು ಅಂಗಡಿಯವನು ಓಲೆಬೆಲ್ಲದ ಒಂದು ಕಟ್ಟನ್ನು ಬಿಚ್ಚಿದ. ತಾಳೆಯ ಒಣಗರಿಯಲ್ಲಿ ಸುತ್ತಿಟ್ಟ ಕಪ್ಪು ಬೆಲ್ಲ. ಅರ್ಧ ಹೊಗೆಯ ವಾಸನೆ, ಅರ್ಧ ಸಿಹಿಯದು. “ಬೇಕಾ ಟೀಚರ್? ಇವತ್ತು ಬಂದದ್ದು” ಎಂದ. ನನಗೆ ಬೇಕು ಎನ್ನಲಿಕ್ಕೂ ಆಗಲಿಲ್ಲ, ಬೇಡ ಎನ್ನಲಿಕ್ಕೂ ಆಗಲಿಲ್ಲ. ಬೆಳ್ತಂಗಡಿಯ ಬಸ್ಸು ಬಂದು ನಿಂತು ಹೊರಟೂ ಹೋಯಿತು.

ಅದೇ ದಿನ ಬೆಳಿಗ್ಗೆ ನಾನು ಹತ್ತನೆಯ ತರಗತಿಗೆ ಯುರೋಪಿನ ಯುದ್ಧದ ಪಾಠ ಮಾಡಿದ್ದೆ. ಯೆಹೂದಿಗಳನ್ನು ಹುಡುಕಿ ಹುಡುಕಿ ಹಿಡಿದೊಯ್ಯುತ್ತಿದ್ದ ಕಾಲದಲ್ಲಿ ಕೆಲವು ಸಾಮಾನ್ಯ ಮನೆಯವರು, ರೈತರು, ಚರ್ಚಿಗೆ ಹೋಗುವ ಮುದುಕಿಯರು, ಅವರನ್ನು ತಮ್ಮ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಇಟ್ಟುಕೊಂಡು ಕಾಪಾಡಿದರು ಎಂದು ಹೇಳಿದೆ. ಪಠ್ಯಪುಸ್ತಕದಲ್ಲಿ ಆ ಮಾತು ಇಲ್ಲ. ನಾನೇ ಸೇರಿಸಿ ಹೇಳುವುದು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಇಟ್ಟುಕೊಂಡವರಿಗೆ ಹೆದರಿಕೆ ಆಗಲಿಲ್ವಾ ಟೀಚರ್?” ಎಂದು ಕೇಳಿದಳು. ಗಂಟೆ ಹೊಡೆಯಿತು. ನಾಳೆ ಹೇಳ್ತೇನೆ ಎಂದೆ. ಮರುದಿನವೂ ಹೇಳಲಿಲ್ಲ…

ಹೇಳಬೇಕಾದರೆ ವೇಣೂರಿನ ಹತ್ತಿರದ ನಮ್ಮ ಹಳೆಯ ಮನೆಯಿಂದ ಹೇಳಬೇಕು. ಗದ್ದೆಯ ಆಚೆ ಒಂದು ಜೈನರ ಮನೆಯಿತ್ತು. ಅಲ್ಲಿದ್ದವರು ಒಬ್ಬ ವಿಧವೆ ಮತ್ತು ಅವರ ಮೈದುನ. ಮೈದುನರಿಗೆ ಪೇಟೆಯಲ್ಲಿ ಸಣ್ಣ ಬಟ್ಟೆ ಅಂಗಡಿ. ಅವರು ಯಾರಿಗೂ ಎದುರು ಮಾತಾಡಿದವರಲ್ಲ. ಆ ವಿಧವೆಯನ್ನು ನಾವು ಆಚೆಮನೆ ಅಮ್ಮ ಎಂದು ಕರೆಯುತ್ತಿದ್ದೆವು. ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು; ನನ್ನ ತಾಯಿಯನ್ನು, ಎಂದರೆ ಉಮ್ಮನನ್ನು, ಅವರು ಬ್ಯಾರ್ತಿ ಎನ್ನುತ್ತಿದ್ದರು. ನನ್ನ ಉಮ್ಮ ಅವರ ಅಂಗಳದಲ್ಲಿ ಭತ್ತ ಒಣಗಿಸಲು, ಹಲಸಿನ ಹಪ್ಪಳ ತಟ್ಟಲು ಹೋಗುತ್ತಿದ್ದಳು. ಇಬ್ಬರೂ ಹೆಚ್ಚುಕಡಿಮೆ ಒಂದೇ ಪ್ರಾಯದವರು. ಮಾತಿಗೆ ಕೂತರೆ ಇಬ್ಬರೂ ಸೋಲುವವರಲ್ಲ. ಮಾತೆಲ್ಲ ತುಳುವಿನಲ್ಲಿ; ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ಅಮ್ಮನ ಮನೆಯ ಕ್ರಮ ಊರಿಗೆಲ್ಲ ಗೊತ್ತಿತ್ತು. ಬಾವಿಯ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸದೆ ಕುಡಿಯುವಂತಿಲ್ಲ. ಗೆಡ್ಡೆ ಗೆಣಸು ಒಳಗೆ ಬರುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿಸುವಂತಿಲ್ಲ. ಬೆಳಕಿಗೆ ಬರುವ ಹುಳ, ಸೌದೆಯ ಸಂದಿಯ ಇರುವೆ ಕಾಣದೆ ಸಾಯುತ್ತವೆ ಎಂದು. ಸೂರ್ಯ ಇಳಿಯುವ ಮೊದಲೇ ಅವರ ಊಟ ಮುಗಿದು, ಪಾತ್ರೆಗಳು ತೊಳೆದು ಕವುಚಿ ಬಿದ್ದಿರುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಊರಿನ ಎಲ್ಲ ಮನೆಗಳ ಮಾಡಿನಿಂದ ಹೊಗೆ ಏಳುವಾಗ ಅವರ ಮಾಡು ಮಾತ್ರ ಸುಮ್ಮನಿರುತ್ತಿತ್ತು.

ಆದರೆ ಬೆಲ್ಲದ ವಿಷಯದಲ್ಲಿ ಅಮ್ಮನಿಗೆ ಯಾವ ಕಟ್ಟೂ ಇರಲಿಲ್ಲ. ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ರೂಢಿ. ಅವರು ಭರಣಿಯಿಂದ ಓಲೆಬೆಲ್ಲದ ಅಚ್ಚು ತೆಗೆದು ಒಡೆದು, ದೊಡ್ಡ ತುಂಡನ್ನು ಬಂದವರಿಗೆ ಕೊಟ್ಟು, ಸಣ್ಣದನ್ನು ತಮ್ಮ ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಯಾರೂ ಬರದಿದ್ದರೂ ಇಟ್ಟುಕೊಳ್ಳುತ್ತಿದ್ದರು. ಜೈನ ಮುನಿಗಳು ಊರಿಗೆ ಬಂದಾಗ, ಏನಾದರೊಂದು ತಿನ್ನುವ ವಸ್ತುವನ್ನು ಬಿಡು ಎಂದು ಗೃಹಸ್ಥರಿಗೆ ಹೇಳುವುದುಂಟು. ಒಮ್ಮೆ ಉಮ್ಮ ಕೇಳಿದಳು, “ಈ ಸಲ ಏನು ಬಿಟ್ರಿ ಅಮ್ಮ?”

“ಹಾಗಲಕಾಯಿ.”

“ಅದನ್ನು ನೀವು ಯಾವಾಗ ತಿಂದದ್ದು?”

“ತಿನ್ನದ್ದನ್ನೇ ಬಿಡ್ಲಿಕ್ಕೆ ಸುಲಭ ಅಲ್ವಾ ಬ್ಯಾರ್ತಿ? ಬೆಲ್ಲ ಬಿಡು ಅಂತ ಹೇಳಿದರೆ ನಾನು ಮುನಿಗಳ ಎದುರಿಗೇ ಹೋಗುವುದಿಲ್ಲ, ಮಾರಾಯ್ತಿ.” ದವಡೆಯ ಬೆಲ್ಲ ಕಾಣುವ ಹಾಗೆ ನಕ್ಕರು.

ಆ ವರ್ಷ ರಮ್ಜಾನಿನಲ್ಲಿ ಬಂಟ್ವಾಳದ ಕಡೆ ಗಲಾಟೆ ಶುರುವಾಯಿತು. ಮೊದಲು ಒಂದು ಜಗಳ, ಆಮೇಲೆ ಒಂದು ಸಾವು, ಆಮೇಲೆ ಇನ್ನೊಂದು. ನಿಷೇಧಾಜ್ಞೆ ಬಂತು, ಬಸ್ಸು ನಿಂತಿತು. ನನ್ನ ಅಣ್ಣ ರಿಕ್ಷಾ ಓಡಿಸುತ್ತಿದ್ದ. ಮೊದಲ ಸಾವಿನ ದಿನ ಕೊಂದು ಓಡಿಹೋದವರು ಅವನ ರಿಕ್ಷಾದಲ್ಲಿ ಹೋದರು ಎಂದು ಯಾರೋ ಹೇಳಿದರು. ಆ ದಿನ ಅವನ ರಿಕ್ಷಾ ಚಕ್ರ ಬಿಚ್ಚಿಸಿಕೊಂಡು ನಮ್ಮ ಅಂಗಳದಲ್ಲಿ ನಿಂತಿತ್ತು. ಅದನ್ನು ಕೇಳುವವರು ಯಾರೂ ಇರಲಿಲ್ಲ. ಅವನನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂದಾಗ ನೆರೆಯ ಎರಡು ಬ್ಯಾರಿ ಮನೆಗಳವರು ಸಂಬಂಧಿಕರಲ್ಲಿಗೆ ಹೋಗಿಯಾಗಿತ್ತು. ಉಮ್ಮನಿಗೆ ಜ್ವರ. ನಡೆಸಿಕೊಂಡು ಹೋಗುವ ಹಾಗಿರಲಿಲ್ಲ. ಅವಳನ್ನು ಬಿಟ್ಟು ಅಣ್ಣ ಹೊರಡಲಿಲ್ಲ.

ಮಟಮಟ ಮಧ್ಯಾಹ್ನ ಆಚೆಮನೆ ಅಮ್ಮ ಗದ್ದೆ ದಾಟಿ ಬಂದರು. ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, “ನಡೆಯಿರಿ” ಎಂದರು.

“ಈಗಲಾ? ಹಗಲಿನಲ್ಲಿ?” ಎಂದ ಅಣ್ಣ.

“ಹಗಲು ನಡೆದರೆ ಬ್ಯಾರ್ತಿ ಅಮ್ಮನ ಮನೆಗೆ ಕೆಲಸಕ್ಕೆ ಹೋಗ್ತಾಳೆ ಅಂತ ಹೇಳ್ತಾರೆ. ಕತ್ತಲೆಯಲ್ಲಿ ನಡೆದರೆ ಯಾರಾದರೂ ಎದ್ದು ನೋಡ್ತಾರೆ.” ಅವನನ್ನು ಮೇಲಿಂದ ಕೆಳಗೆ ನೋಡಿದರು. “ನಿನ್ನ ಉದ್ದ ಮಾತ್ರ ತೊಂದರೆ. ಆ ಬೈಹುಲ್ಲಿನ ಕಟ್ಟು ತಲೆ ಮೇಲೆ ಇಟ್ಟುಕೋ. ಮುಖ ಮುಚ್ಚುವಷ್ಟು.”

ಹೀಗೆ ಗದ್ದೆಯ ಅಂಚಿನ ಹುಣಿಯ ಮೇಲೆ ನಾವು ನಡೆದೆವು. ಮುಂದೆ ಅಮ್ಮ, ಅವರ ಹಿಂದೆ ನನ್ನ ಭುಜ ಹಿಡಿದು ಉಮ್ಮ, ಕೊನೆಯಲ್ಲಿ ಕಾಲು ಬಂದ ಹುಲ್ಲಿನ ರಾಶಿಯಂತೆ ಅಣ್ಣ. ಮೈದುನರು ನಮ್ಮನ್ನು ಕಂಡು ಜಗಲಿಯ ಕಂಬ ಹಿಡಿದು ನಿಂತರು.

“ಅತ್ತಿಗೆ, ಇದು ಗೊತ್ತಾದರೆ ಅಂಗಡಿಗೆ ಬೆಂಕಿ ಇಡ್ತಾರೆ.”

“ಇಡಬಹುದು.”

“ನಮ್ಮನ್ನೂ ಬಿಡುವುದಿಲ್ಲ.”

“ಅದೂ ಹೌದು. ಚಾಪೆ ಎಲ್ಲಿ ಉಂಟು?” ಎಂದು ಅಮ್ಮ ಒಳಗೆ ಹೋದರು.

ನಮ್ಮನ್ನು ಇಟ್ಟದ್ದು ಪತ್ತಾಯದ ಕೋಣೆಯಲ್ಲಿ. ಪತ್ತಾಯವೆಂದರೆ ಭತ್ತ ತುಂಬುವ ದೊಡ್ಡ ಮರದ ಪೆಟ್ಟಿಗೆ. ಅದರ ಹಿಂದೆ ಮೂವರು ಕೂರುವಷ್ಟು ಜಾಗ. ಉಮ್ಮ ಮೊದಲು ಕೇಳಿದ್ದು ನಮಾಜಿಗೆ ಪಡುವಣ ಯಾವ ಕಡೆ ಎಂದು. ಅಮ್ಮ ಗೋಡೆ ತೋರಿಸಿದರು.

“ಆ ಗೋಡೆಯ ಆಚೆ ನಮ್ಮ ದೇವರ ಕೋಣೆ. ನೀನು ಬಗ್ಗುವುದು ಅತ್ತ ಆಗ್ತದೆ.”

“ಆಗಲಿ ಅಮ್ಮ. ನನ್ನದು ಅದಕ್ಕಿಂತ ತುಂಬ ಆಚೆ ಉಂಟು” ಎಂದಳು ಉಮ್ಮ.

ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ಅಂಥ ದಿನದಲ್ಲೂ ನಕ್ಕರು.

ಸಂಜೆ ಜಗಳ ಬಿತ್ತು. ಸೂರ್ಯ ಇಳಿಯುವ ಮೊದಲು ಅಮ್ಮ ಗಂಜಿ ತಂದಿಟ್ಟರು. ನಮಗೆ ಮೂವರಿಗೂ ನೋಂಬು, ಎಂದರೆ ರಮ್ಜಾನಿನ ಉಪವಾಸ. ಸೂರ್ಯ ಮುಳುಗದೆ ನೀರೂ ಇಳಿಸುವಂತಿಲ್ಲ. ಅಣ್ಣ ತಲೆ ತಗ್ಗಿಸಿದ. ಉಮ್ಮ ಬಟ್ಟಲನ್ನು ಮೆಲ್ಲ ಹಿಂದಕ್ಕೆ ದೂಡಿದಳು.

“ಜ್ವರ ಬಂದವರಿಗೆ ನಿಮ್ಮಲ್ಲಿ ವಿನಾಯಿತಿ ಇಲ್ವಾ?”

“ಉಂಟು. ಆದರೆ ಇಂಥ ದಿನ ಬಿಟ್ಟರೆ, ಹೆದರಿ ಬಿಟ್ಟ ಹಾಗೆ ಆಗ್ತದೆ.”

“ಹೊತ್ತು ಮುಳುಗಿದ ಮೇಲೆ ನನ್ನ ಮನೆಯಲ್ಲಿ ಉಣ್ಣುವ ಕ್ರಮ ಇಲ್ಲ.”

“ಹೊತ್ತು ಮುಳುಗುವ ಮೊದಲು ನನಗೆ ಇಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಹೊರಗೆ ಯಾರೋ ನಮ್ಮನ್ನು ಕೊಲ್ಲಲು ಹುಡುಕುತ್ತಿರುವಾಗ ಒಳಗೆ ಇವರಿಬ್ಬರು ಗಂಜಿಯ ಹೊತ್ತಿಗಾಗಿ ಹಟ ಹಿಡಿದಿದ್ದರು. ನನಗೆ ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಆ ಹಟ ಇಲ್ಲದಿದ್ದರೆ ಅಮ್ಮ ಗದ್ದೆ ದಾಟಿ ಬರುತ್ತಲೂ ಇರಲಿಲ್ಲ ಅನ್ನಿಸುತ್ತದೆ… ಕೊನೆಗೆ ಅಮ್ಮ ಬಟ್ಟಲಿಗೆ ಮುಚ್ಚಳ ಮುಚ್ಚಿದರು. “ಎಲ್ಲ ಪಾತ್ರೆ ಕವುಚಿದ್ದೇನೆ. ಇದೊಂದು ಇಲ್ಲಿ ಇರುವುದು ನನಗೆ ಕಂಡಿಲ್ಲ” ಎಂದು ಎದ್ದು ಹೋದರು.

ದೂರದ ಮಸೀದಿಯ ಬಾಂಗು ಕೇಳಿದ ಮೇಲೆ ನಾವು ಮುಚ್ಚಳ ತೆಗೆದೆವು. ಗಂಜಿ ತಣ್ಣಗಾಗಿ ಕೆನೆ ಕಟ್ಟಿತ್ತು. ಉಮ್ಮ ಎರಡು ಗುಟುಕು ಕುಡಿದಳು, ಮೂರನೆಯದು ವಾಂತಿಯಾಯಿತು. ಹಲ್ಲು ಕಟಕಟ ಎನ್ನುವ ಹಾಗೆ ನಡುಕ. ಬಾಗಿಲ ಸಂದಿಯಲ್ಲಿ ಅಮ್ಮ ನಿಂತಿದ್ದರು.

ಮರುದಿನವೂ ಉಮ್ಮ ನೋಂಬು ಬಿಡಲಿಲ್ಲ. ಸಂಜೆ ಅಮ್ಮ ಎಂದಿನಂತೆ ಉಂಡರು, ಪಾತ್ರೆ ತೊಳೆದು ಕವುಚಿದರು, ಜಗಲಿಯಲ್ಲಿ ಕೂತು ಪಂಚನಮಸ್ಕಾರ ಮಂತ್ರ ಹೇಳಿಕೊಂಡರು. ಸೂರ್ಯ ಮುಳುಗಿದ. ಆಮೇಲೆ ಅಡುಗೆಕೋಣೆಯಲ್ಲಿ ಸೌದೆಯನ್ನು ಒಂದೊಂದಾಗಿ ನೆಲಕ್ಕೆ ಕುಟ್ಟುವ ಸದ್ದು ಕೇಳಿತು. ಇರುವೆ ಉದುರಲಿ ಎಂದು ಕುಟ್ಟುವುದು. ಬಹಳ ಹೊತ್ತು ಕುಟ್ಟಿದರು. ಆಮೇಲೆ ಬೆಂಕಿ ಹಿಡಿಯುವ ಚಿಟಿಚಿಟಿ. ಮೈದುನರು, “ಅತ್ತಿಗೆ, ಏನು ಮಾಡ್ತಾ ಇದ್ದೀರಿ?” ಎಂದು ಕೇಳಿದ್ದು ನೆನಪಿದೆ.

ಅದೇ ತಪ್ಪಾದದ್ದು. ಬೇರೆ ಯಾರ ಮನೆಯಲ್ಲಾದರೂ ಅದು ಸಂಜೆಯ ಒಲೆ, ಅಷ್ಟೇ. ಆ ಮನೆಯ ಮಾಡಿನಿಂದ ಆ ಹೊತ್ತಿಗೆ ಹೊಗೆ ಎದ್ದದ್ದನ್ನು ರಸ್ತೆಯಲ್ಲಿದ್ದವರು ಕಂಡರು.

ಐದಾರು ಜನ ಅಂಗಳಕ್ಕೆ ಬಂದರು. ಇಬ್ಬರ ಕೈಯಲ್ಲಿ ಕತ್ತಿ. ಒಬ್ಬ ನಮ್ಮ ಊರಿನವನೇ. ಅವನ ಧ್ವನಿ ನನಗೆ ಗೊತ್ತಿತ್ತು. ಶಾಲೆಗೆ ಹೋಗುವಾಗ ಆ ಜಗಲಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಬೆಲ್ಲ ನೀರು ಕುಡಿದವನು.

“ಒಳಗೆ ಯಾರುಂಟು?” ಎಂದ.

“ಯಾರೂ ಇಲ್ಲ ಮಾರಾಯ. ನಾನು, ಅತ್ತಿಗೆ” ಎಂದರು ಮೈದುನರು.

“ಮತ್ತೆ ಈ ಹೊಗೆ? ನಾನು ಹುಟ್ಟಿದ ಮೇಲೆ ಈ ಮನೆಯಲ್ಲಿ ಈ ಹೊತ್ತಿಗೆ ಹೊಗೆ ಕಂಡಿಲ್ಲ.”

“ಅತ್ತಿಗೆಗೆ ಹುಷಾರಿಲ್ಲ… ಸ್ವಲ್ಪ ಕಷಾಯ…”

ಅಡುಗೆಕೋಣೆಯಿಂದ ಅಮ್ಮ ಹೊರಗೆ ಬಂದರು. ಪತ್ತಾಯದ ಕೋಣೆಯ ಬಾಗಿಲ ಸಂದಿಯಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು. ಕೈಯಲ್ಲಿ ಗಂಜಿಯ ಸೌಟು.

“ನನಗೆ ಏನೂ ಆಗಿಲ್ಲ. ಇವನು ಹೆದರಿ ಸುಳ್ಳು ಹೇಳಿದ. ಒಳಗೆ ಜನ ಇದ್ದಾರೆ.”

ಅಣ್ಣ ನನ್ನ ಮಣಿಕಟ್ಟು ಹಿಡಿದ. ಬಳೆ ಒಡೆದು ಚರ್ಮಕ್ಕೆ ಇಳಿಯಿತು. ಅಮ್ಮ ನಮ್ಮನ್ನು ಹಿಡಿದು ಕೊಟ್ಟರು ಎಂದೇ ಆ ಕ್ಷಣ ನಾನು ತಿಳಿದೆ. ಅವರು ಸುಳ್ಳು ಹೇಳದ ವ್ರತದವರು ಎಂದು ನನಗೆ ಗೊತ್ತಿತ್ತು. ಅದು ಇಂಥ ಹೊತ್ತಿನಲ್ಲೂ ನಿಲ್ಲುತ್ತದೆ ಎಂದು ಗೊತ್ತಿರಲಿಲ್ಲ.

“ಯಾರು?”

“ನನ್ನ ಮನೆಗೆ ಬಂದವರು. ಅವರಿಗೆ ನೋಂಬು. ಈಗ ಬಿಡುವ ಹೊತ್ತು. ಗಂಜಿ ಬಿಸಿ ಮಾಡ್ತಾ ಇದ್ದೇನೆ.”

ಇನ್ನೊಬ್ಬ, ಹೊರಗಿನವನು, ನಕ್ಕ. “ಬ್ಯಾರಿಗಳಿಗೋಸ್ಕರ ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿಸಿದ್ರಾ? ನಿಮ್ಮ ಧರ್ಮ ಎಲ್ಲಿ ಹೋಯಿತು ಅಮ್ಮ?”

“ಅದಕ್ಕೆ ನಾನು ಉತ್ತರ ಕೊಡಲಿಕ್ಕುಂಟು. ನಿನಗಲ್ಲ.” ಅಮ್ಮನ ಧ್ವನಿ ಏರಲಿಲ್ಲ. “ಇರುವೆ ಸಾಯ್ತದೆ ಅಂತ ಇಷ್ಟು ವರ್ಷ ಈ ಒಲೆ ಹೊತ್ತಿಸದೆ ಇದ್ದವಳು ನಾನು. ನಿಮ್ಮ ಕೈಗೆ ಮನುಷ್ಯರನ್ನು ಕೊಡ್ತೇನೆ ಅಂತ ನೀವು ಹೇಗೆ ಬಂದ್ರಿ?”

ಹೀಗೆಂದವರೇ ಹೊಸಿಲಿನ ಮೇಲೆ ಕೂತರು. ಕೂತು, ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿದರು. ಹಿರಿಯರ ಮೈ ದಾಟುವುದೆಂದರೆ ನಮ್ಮ ಕಡೆ ಸಣ್ಣ ಮಕ್ಕಳೂ ಹೆದರುತ್ತಾರೆ. ತಿಳಿಯದೆ ದಾಟಿದರೂ ಹಿಂದೆ ಬಂದು ಕಾಲು ಮುಟ್ಟುತ್ತಾರೆ.

“ಒಳಗೆ ಹೋಗಬೇಕಾದರೆ ನನ್ನನ್ನು ದಾಟಿ ಹೋಗಿ. ನೀನು ಮೊದಲು” ಎಂದು ಊರಿನವನ ಕಡೆ ಸೌಟು ತೋರಿಸಿದರು. “ಈ ಜಗಲಿಯಲ್ಲಿ ಬೆಲ್ಲ ತಿಂದವನು ನೀನೇ ಅಲ್ವಾ? ಮೊದಲು ನೀನು ದಾಟು.”

ಮೈದುನರು ಕಂಬ ಬಿಟ್ಟು ಬಂದು ಅತ್ತಿಗೆಯ ಪಕ್ಕದಲ್ಲಿ ನಿಂತರು. ನಿಂತರು, ಅಷ್ಟೇ, ಆದರೆ ನಿಂತರು. ಸೌಟಿನಿಂದ ಗಂಜಿ ಹನಿಯುತ್ತಿತ್ತು. ಟಪ್, ಟಪ್ ಎಂದು ಹೊಸಿಲ ಮೇಲೆ ಬೀಳುವುದನ್ನು ನಾನು ನೋಡುತ್ತಿದ್ದೆ. ಬೇರೆ ಏನನ್ನೂ ನೋಡುವ ಧೈರ್ಯ ನನಗಿರಲಿಲ್ಲ.

“ಬೇಡ. ಹೋಗುವ” ಎಂದ ಊರಿನವನು.

“ಏ, ಮುದುಕಿಗೆ ಹೆದರಿದೆಯಾ?”

“ಹೋಗುವ ಅಂತ ಹೇಳಿದೆ ಅಲ್ವಾ!”

ಹೋಗುವಾಗ ಯಾರೋ ಮಾಡಿಗೆ ಕಲ್ಲೆಸೆದ. ಹಂಚು ಒಡೆದು ಅಂಗಳಕ್ಕೆ ಬಿತ್ತು. ಅಮ್ಮ ಗೋಡೆ ಹಿಡಿದು ಎದ್ದರು. “ತಳ ಹಿಡಿಯಿತು ನೋಡು” ಎನ್ನುತ್ತ ಅಡುಗೆಕೋಣೆಗೆ ಹೋದರು. ಆ ಸಂಜೆ ಉಮ್ಮ ಸುಟ್ಟ ವಾಸನೆಯ ಬಿಸಿ ಗಂಜಿಯನ್ನು ಪೂರ್ತಿ ಕುಡಿದಳು.

ಬೆಳಕು ಹರಿಯುತ್ತಲೇ ಮೈದುನರು ತಾವೇ ನಡೆದು ಹೋಗಿ ಪೊಲೀಸರ ವ್ಯಾನು ಕರೆತಂದರು. ನಾವು ಮೂಡುಬಿದಿರೆಯ ಸಂಬಂಧಿಕರ ಮನೆ ಸೇರಿದೆವು. ಅಣ್ಣ ಉಳಿದ. ಅಲ್ಲೇ ರಿಕ್ಷಾ ಇಟ್ಟ, ಮನೆ ಮಾಡಿದ. ನಾನು ಕೆಲಸ ಸಿಕ್ಕಿ ಉಮ್ಮನನ್ನು ಬೆಳ್ತಂಗಡಿಗೆ ಕರೆದುಕೊಂಡು ಬಂದೆ. ವೇಣೂರಿಗೆ ಮತ್ತೆ ವಾಸಕ್ಕೆ ಹೋಗಲಿಲ್ಲ.

ಆದರೆ ಪ್ರತಿ ವರ್ಷ ಈದಿನ ಪೆರ್ನಾಳ್ ಹಬ್ಬ ಕಳೆದ ಮೇಲೆ ಉಮ್ಮ ಮತ್ತು ನಾನು ಆಚೆಮನೆಗೆ ಹೋಗುತ್ತಿದ್ದೆವು. ನಮ್ಮ ಮನೆಯ ಅಡುಗೆ ಅವರಿಗೆ ಆಗದು. ಏನು ಒಯ್ಯುವುದು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಒಳ್ಳೆಯ ಓಲೆಬೆಲ್ಲ ಹುಡುಕಿ ಒಯ್ಯುತ್ತಿದ್ದೆವು. ಅಮ್ಮ ಗರಿ ಬಿಚ್ಚಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು. “ಒಳ್ಳೆ ಬೆಲ್ಲ” ಎನ್ನುತ್ತಿದ್ದರು. ನಮಗೆ ನೀರಿನ ಜೊತೆ ಒಡೆದು ಕೊಟ್ಟು ಭರಣಿ ಮುಚ್ಚುತ್ತಿದ್ದರು. ತಾವು ಬಾಯಿಗೆ ಹಾಕುತ್ತಿರಲಿಲ್ಲ. “ಶುಗರಾ ಅಮ್ಮ?” ಎಂದು ಒಮ್ಮೆ ಕೇಳಿದೆ. “ಪ್ರಾಯ ಆಯಿತಲ್ಲ ಬಾಲೆ” ಎಂದರು. ಅದು ಸುಳ್ಳಲ್ಲ. ಅವರಿಗೆ ಪ್ರಾಯವಾಗಿತ್ತು.

ಈ ವರ್ಷ ರಮ್ಜಾನಿನ ನಡುವೆ ಅವರು ಹೋದರೆಂದು ಸುದ್ದಿ ಬಂತು. ನಮಗೆ ತಿಳಿಯುವಾಗ ದಹನ ಮುಗಿದಿತ್ತು. ನೋಂಬು ಮುಗಿಯುವ ಮೊದಲೇ ಒಂದು ಸಂಜೆ ಉಮ್ಮನನ್ನು ಕರೆದುಕೊಂಡು ಹೋದೆ. ಮೈದುನರು ಈಗ ಕೋಲು ಹಿಡಿದು ನಡೆಯುತ್ತಾರೆ. ಉಮ್ಮ ಅಭ್ಯಾಸದಂತೆ ಬೆಲ್ಲದ ಕಟ್ಟು ತಂದಿದ್ದಳು. ಅದನ್ನು ಜಗಲಿಯ ಮೇಲೆ ಇಟ್ಟಾಗ ಅವರು ಬಹಳ ಹೊತ್ತು ಅದನ್ನೇ ನೋಡಿದರು.

“ಇನ್ನು ಹೇಳಬಹುದು” ಎಂದರು. “ಅತ್ತಿಗೆ ಬೆಲ್ಲ ಬಿಟ್ಟಿದ್ದರು. ಆ ದಿನ ಒಲೆ ಹೊತ್ತಿಸಿದ್ದಕ್ಕೆ. ನೀವು ವ್ಯಾನು ಹತ್ತಿದ ಮೇಲೆ ಬಸದಿಗೆ ಹೋಗಿ, ಸಾಯುವವರೆಗೆ ಬಿಟ್ಟೆ ಅಂತ ಹೇಳಿ ಬಂದರು.”

“ನಾವು ಪ್ರತಿ ವರ್ಷ ತಂದದ್ದು…?” ಎಂದೆ.

“ಬಂದವರಿಗೆಲ್ಲ ಕೊಟ್ಟರು. ಬ್ಯಾರ್ತಿ ತಂದ ಬೆಲ್ಲ ಅಂತ ಹೇಳಿಯೇ ಕೊಡುವುದು. ಆ ದಿನ ಬಂದಿದ್ದನಲ್ಲ ನಮ್ಮ ಊರಿನವನು, ಅವನೂ ಇಲ್ಲಿ ಕೂತು ಬೆಲ್ಲ ನೀರು ಕುಡಿದು ಹೋಗಿದ್ದಾನೆ.”

“ನಮಗೆ ಯಾಕೆ ಹೇಳಲಿಲ್ಲ?” ಎಂದಳು ಉಮ್ಮ.

“ಹೇಳಿದರೆ ಬ್ಯಾರ್ತಿಗೆ ಗಂಜಿ ಇಳಿಯುವುದಿಲ್ಲ, ಹೇಳಬೇಡ ಅಂತ.”

ಉಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡಳು. ಅಳಲಿಲ್ಲ. “ನಮ್ಮಲ್ಲಾದರೆ ಖಬರ್ ಇರ್ತದೆ, ಹೂತ ಜಾಗ. ಅಮ್ಮನಿಗೆ ಅದೂ ಇಲ್ಲ. ನಾನು ಎಲ್ಲಿ ನಿಂತು ದುಆ ಮಾಡುವುದು?” ಎಂದು ಕೇಳಿದಳು.

ಮೈದುನರು ಕೋಲು ಊರುತ್ತ ಅಡುಗೆಕೋಣೆಯ ಬಾಗಿಲು ತೆರೆದರು. ಪಾತ್ರೆಗಳೆಲ್ಲ ಕವುಚಿದ್ದವು. ಒಲೆ ಸಾರಿಸಿ ಸ್ವಚ್ಛವಾಗಿತ್ತು. ಉಮ್ಮ ಅದರ ಮುಂದೆ ನಿಂತು ಎರಡೂ ಕೈ ತೆರೆದು ಹಿಡಿದಳು. ಎಷ್ಟು ಹೊತ್ತು ಎಂದು ನಾನು ನೋಡಲಿಲ್ಲ. ಅಷ್ಟರಲ್ಲಿ ಸೂರ್ಯ ಮುಳುಗಿದ್ದ. ದೂರದಲ್ಲಿ ಬಾಂಗು ಕೇಳಿತು.

ಒಂದು ಮೂಲೆಯಲ್ಲಿ ಕವುಚದ ಪಾತ್ರೆಯೊಂದಿತ್ತು, ಮುಚ್ಚಳ ಮುಚ್ಚಿ. ನಾವು ಬರುತ್ತೇವೆಂದು ಮೈದುನರು ಹಗಲಿನಲ್ಲೇ ಗಂಜಿ ಬೇಯಿಸಿ ಇಟ್ಟಿದ್ದರು. ಮುಚ್ಚಳ ಎತ್ತಿ ನೋಡಿ, “ತಣ್ಣಗಾಗಿದೆ. ಒಲೆ ಹೊತ್ತಿಸಲಾ?” ಎಂದರು. ಆ ದಿನ ಯಾರೂ ಇಲ್ಲ ಎಂದಿದ್ದ ಮನುಷ್ಯ. ಬೆಂಕಿಪೆಟ್ಟಿಗೆ ಆಗಲೇ ಕೈಯಲ್ಲಿತ್ತು.

“ಬೇಡ” ಎಂದಳು ಉಮ್ಮ. “ತಣ್ಣಗೇ ಕೊಡಿ.”

ಒಲೆಯ ಎದುರಿನ ನೆಲದಲ್ಲಿ ಕೂತು, ಕೆನೆ ಕಟ್ಟಿದ ಗಂಜಿಯನ್ನು ಒಂದು ಅಗುಳು ಬಿಡದೆ ಕುಡಿದಳು.

ಕಳೆದ ವಾರ ಆ ಪೇಟೆಯ ಅಂಗಡಿಯಿಂದ ಕೊನೆಗೆ ಬೆಲ್ಲ ತಂದೆ. ಮೇಜಿನ ಮೇಲೆ ಉಂಟು, ಗರಿ ಬಿಚ್ಚಿಲ್ಲ. ಪ್ರತಿ ವರ್ಷ ಈ ಕಟ್ಟನ್ನು ಯಾರಿಗೆ ಒಯ್ಯುತ್ತಿದ್ದೆವೋ ಅವರು ಇಲ್ಲ. ಮನೆಗೆ ಬಂದವರಿಗೆ ಒಡೆದು ಕೊಡಬೇಕು, ಯಾರ ಬೆಲ್ಲ ಎಂದು ಹೇಳಿಯೇ ಕೊಡಬೇಕು. ನಾಳೆ ಹತ್ತನೆಯ ತರಗತಿಗೆ ಮೊದಲ ಪಿರಿಯಡು ನನ್ನದು. ಆ ಹುಡುಗಿಗೆ ಉತ್ತರ ಬಾಕಿ ಇದೆ.

ಹೆದರಿಕೆ ಆಗಿತ್ತು, ಮಗಾ. ನಾನು ಹಿಂದಿನಿಂದ ನೋಡಿದ್ದೇನೆ. ಧ್ವನಿ ನಡುಗಲಿಲ್ಲ. ಚಾಚಿದ ಕಾಲು ಹಿಂದೆ ಎಳೆದುಕೊಳ್ಳಲಿಲ್ಲ. ಆದರೆ ಸೌಟು ಹಿಡಿದ ಕೈ ನಡುಗುತ್ತಲೇ ಇತ್ತು. ಆ ಕತ್ತಿಯವರು ಹೋಗುವವರೆಗೂ ಗಂಜಿ ಹೊಸಿಲ ಮೇಲೆ ಹನಿಯುತ್ತಲೇ ಇತ್ತು.